ಮೊಘಲ್‌ಸರಾಯ್ ಎಂಬ ಜಂಕ್ಷನ್

ಕಾಶಿಯಾತ್ರೆಗೆ ಹೋದ ನಮ್ಮವರಲ್ಲಿ ಅನೇಕರು ಮೊಘಲ್‌ಸರಾಯ್‌ನಲ್ಲಿ ರೈಲಿಳಿದು ಗಂಗೆಯ ಸೇತುವೆ ದಾಟಿದವರೇ. ವಾರಾಣಸಿಯಿಂದ ಸುಮಾರು 16 ಕಿ.ಮೀ. ದೂರದ ಈ ಊರು ದಿಲ್ಲಿ–ಕೋಲ್ಕತ್ತ ಮಾರ್ಗದ ದೊಡ್ಡ ಜಂಕ್ಷನ್. ಗೂಡ್ಸ್ ವ್ಯಾಗನ್‌ಗಳನ್ನು ವಿಂಗಡಿಸುವ ಇಲ್ಲಿನ ಯಾರ್ಡು ಏಷ್ಯಾದ ದೊಡ್ಡ ಯಾರ್ಡುಗಳಲ್ಲೊಂದು. 2018ರಿಂದ ನಿಲ್ದಾಣದ ಫಲಕದಲ್ಲಿರುವುದು ಪಂಡಿತ್ ದೀನದಯಾಳ್ ಉಪಾಧ್ಯಾಯರ ಹೆಸರು.

ಅವರು ಇಲ್ಲಿ ಹುಟ್ಟಿದವರಲ್ಲ, ಸತ್ತವರು. 1968ರ ಫೆಬ್ರುವರಿ 11ರ ನಸುಕಿನಲ್ಲಿ ಹಳಿಯ ಬಳಿ ಅವರ ಶವ ಸಿಕ್ಕಿತು. ಭಾರತೀಯ ಜನಸಂಘದ ಅಧ್ಯಕ್ಷರಾಗಿ ಎರಡು ತಿಂಗಳೂ ಆಗಿರಲಿಲ್ಲ. ಲಖನೌದಿಂದ ಪಟ್ನಾಕ್ಕೆ ಹೊರಟಿದ್ದರು. ಕೊಲೆಯ ಆರೋಪ ಕೋರ್ಟಿನಲ್ಲಿ ನಿಲ್ಲಲಿಲ್ಲ. ಇದು ರೈಲುಗಳ್ಳರ ಕೃತ್ಯ, ರಾಜಕೀಯ ಕಾರಣವಿಲ್ಲ ಎಂದು ಚಂದ್ರಚೂಡ್ ಆಯೋಗ ಹೇಳಿತು. ಅವರ ಅನುಯಾಯಿಗಳಲ್ಲಿ ಬಹಳ ಮಂದಿ ಅದನ್ನು ಒಪ್ಪಲಿಲ್ಲ.

ಜನಸಂಘ ಹುಟ್ಟಿದ್ದು 1951ರ ಅಕ್ಟೋಬರ್‌ನಲ್ಲಿ, ದಿಲ್ಲಿಯಲ್ಲಿ. ನೆಹರೂ ಸಂಪುಟ ಬಿಟ್ಟು ಬಂದ ಶ್ಯಾಮಪ್ರಸಾದ್ ಮುಖರ್ಜಿ ಅದರ ಮುಖ; ಕಾರ್ಯಕರ್ತರನ್ನು ಕೊಟ್ಟದ್ದು ಆರೆಸ್ಸೆಸ್. ಮೊದಲ ಲೋಕಸಭೆಯಲ್ಲಿ ಸಿಕ್ಕಿದ್ದು ಮೂರೇ ಸ್ಥಾನ, 1967ರಲ್ಲಿ 35. ಆ ಸಲ ಭೋಪಾಲದಿಂದ ಗೆದ್ದವರು ನಮ್ಮ ನರಗುಂದದ ಜಗನ್ನಾಥರಾವ್ ಜೋಶಿ! ಒಂದು ದೇಶ, ಒಂದು ಸಂಸ್ಕೃತಿ, ಕಾಶ್ಮೀರಕ್ಕೆ ಬೇರೆ ಸಂವಿಧಾನ ಬೇಡ, ಗೋಹತ್ಯೆ ನಿಲ್ಲಲಿ, ಇವು ಪಕ್ಷದ ಘೋಷಣೆಗಳು. ಘೋಷಣೆಗಳಿಗೆ ತತ್ವದ ತಳಪಾಯ ಹಾಕಿದವರು ದೀನದಯಾಳರು. 1965ರ ಏಪ್ರಿಲ್‌ನಲ್ಲಿ ಮುಂಬಯಿಯಲ್ಲಿ ಮಾಡಿದ ನಾಲ್ಕು ಉಪನ್ಯಾಸಗಳಲ್ಲಿ ಏಕಾತ್ಮ ಮಾನವವಾದವನ್ನು ವಿವರಿಸಿದರು. ಬಂಡವಾಳಶಾಹಿ ಮನುಷ್ಯನನ್ನು ಬರೀ ಲಾಭ ಹುಡುಕುವ ಪ್ರಾಣಿ ಮಾಡಿತು, ಕಮ್ಯುನಿಸಂ ಯಂತ್ರದ ಹಲ್ಲು ಮಾಡಿತು; ಮನುಷ್ಯ ಎಂದರೆ ದೇಹ, ಮನಸ್ಸು, ಬುದ್ಧಿ, ಆತ್ಮ ಸೇರಿದ ಇಡಿಯಾದ ಜೀವಿ ಎಂಬುದು ವಾದದ ತಿರುಳು. ಅಧಿಕಾರ ಒಂದೇ ಕಡೆ ಗುಡ್ಡೆಯಾಗಬಾರದು, ಯಂತ್ರ ಕೈಗಳ ಕೆಲಸ ಕಸಿಯಬಾರದು, ಲೆಕ್ಕ ಹಾಕುವುದು ಕಟ್ಟಕಡೆಯವನಿಂದ. ಈ ಭಾಗವನ್ನು ಗಾಂಧಿ ಓದಿದವರೂ ತಲೆದೂಗಿ ಕೇಳಬಹುದು.

ನನಗೆ ತೊಡಕಾಗುವುದು ಮುಂದೆ. ಪ್ರತಿ ರಾಷ್ಟ್ರಕ್ಕೂ ಹುಟ್ಟಿನಿಂದಲೇ ಒಂದು ‘ಚಿತಿ’, ಅಂದರೆ ಆತ್ಮ, ಇರುತ್ತದೆ ಎನ್ನುತ್ತಾರೆ ಅವರು. ಅಳತೆಗೆ ಸಿಗದ್ದನ್ನು ಪಾಠ ಮಾಡುವಾಗ ವಿಜ್ಞಾನದ ಮೇಷ್ಟ್ರು ಸ್ವಲ್ಪ ತಡವರಿಸುತ್ತಾನೆ. ಆ ಆತ್ಮಕ್ಕೆ ಯಾವುದು ಒಗ್ಗುತ್ತದೆ, ಯಾವುದು ಇಲ್ಲ ಎಂದು ತೀರ್ಮಾನಿಸುವವರು ಯಾರು? ಮೊಘಲರೂ ಸರಾಯಿಯೂ ಸೇರಿ ಒಂದು ದಾರಿಯ ಊರಿಗೆ ಹೆಸರಾಗಿದ್ದರೆ, ಅದು ಚಿತಿಯ ಒಳಗಿನದೋ ಹೊರಗಿನದೋ? ಫಲಕ ಬದಲಿಸಿದವರು ತಮ್ಮ ಉತ್ತರ ಕೊಟ್ಟಿದ್ದಾರೆ.

ಜನಸಂಘ 1977ರಲ್ಲಿ ಜನತಾ ಪಕ್ಷದಲ್ಲಿ ಬೆರೆಯಿತು. 1980ರಲ್ಲಿ ಭಾರತೀಯ ಜನತಾ ಪಕ್ಷವಾಗಿ ಹೊರಬಂತು. ಹೊಸ ಪಕ್ಷ ಮೊದಲು ಹೇಳಿದ್ದು ಗಾಂಧಿವಾದಿ ಸಮಾಜವಾದವನ್ನು. 1984ರಲ್ಲಿ ಎರಡೇ ಸ್ಥಾನ ಬಂದಾಗ ಮತ್ತೆ ದೀನದಯಾಳರನ್ನು ನೆನೆಯಿತು. 2014ರಲ್ಲಿ 282 ಸ್ಥಾನ, 2019ರಲ್ಲಿ 370ನೇ ವಿಧಿಯ ವಿಶೇಷ ಸ್ಥಾನಮಾನ ರದ್ದು. ವಾರಾಣಸಿಯ ದಾರಿಯ ಪಡಾವ್‌ನಲ್ಲಿ 2020ರಿಂದ ಅವರ 63 ಅಡಿಯ ಪ್ರತಿಮೆ ನಿಂತಿದೆ. ಸಣ್ಣ ಕೈಗಾರಿಕೆ, ಹಂಚಿದ ಅಧಿಕಾರದ ಮಾತಿಗೆ ಅಷ್ಟು ಎತ್ತರ ಸಿಕ್ಕಿಲ್ಲ.

ಬದುಕಿದ್ದಾಗ ಅವರು ಲೋಕಸಭೆಗೆ ನಿಂತದ್ದು ಇಲ್ಲಿಂದ ದೂರವಲ್ಲದ ಜೌನ್‌ಪುರದಲ್ಲಿ, 1963ರ ಉಪಚುನಾವಣೆಯಲ್ಲಿ. ಅದೇ ವರ್ಷದ ಉಪಚುನಾವಣೆಗಳಲ್ಲಿ ಲೋಹಿಯಾ, ಕೃಪಲಾನಿ, ಮಸಾನಿ ಗೆದ್ದರು, ಇವರು ಸೋತರು. ಅಂದಹಾಗೆ, ಮೊಘಲ್‌ಸರಾಯ್‌ನಲ್ಲಿ ಹುಟ್ಟಿದ ರಾಜಕಾರಣಿ ಬೇರೊಬ್ಬರಿದ್ದಾರೆ: ಲಾಲ್ ಬಹಾದ್ದೂರ್ ಶಾಸ್ತ್ರಿ.