ಫೇರ್‌ಫ್ಯಾಕ್ಸ್‌ನಲ್ಲಿ ಸೈಕಲ್ ಕೊಂಡದ್ದು

ಕಳೆದ ಬೇಸಿಗೆಯಲ್ಲಿ ಮೂರು ತಿಂಗಳು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಮಗಳ ಮನೆಯಲ್ಲಿದ್ದೆ. ನನ್ನಂಥ ತಾತಂದಿರು ಅಲ್ಲಿ ಏನು ಮಾಡುತ್ತಾರೆಂದು ಹಿರಿಯ ಓದುಗರಿಗೆ ಗೊತ್ತೇ ಇದೆ. ಬೆಳಿಗ್ಗೆ ವಾಕಿಂಗ್, ಮಧ್ಯಾಹ್ನ ನಿದ್ದೆ, ಸಂಜೆ ಪಾರ್ಕಿನ ಬೆಂಚಿನ ಮೇಲೆ ಪೆನ್ಷನ್ ಮಾತು. ಒಂಬತ್ತನೇ ತರಗತಿಗೆ ಹೋಗಲಿದ್ದ ಮೊಮ್ಮಗಳು ಒಂದು ದಿನ, "ತಾತ, ನಾನು ಸ್ಕೂಲಿನ ಮೌಂಟನ್ ಬೈಕ್ ಟೀಮಿಗೆ ಸೇರ್ತೀನಿ. ನಂಗೆ ಹಗುರ ಇರೋ ಸೈಕಲ್ ಬೇಕು" ಅಂದಳು.

ಮಕ್ಕಳೇ, ಅಲ್ಲಿ ಬೈಕ್ ಅಂದರೆ ಸೈಕಲ್ಲೇ. ಮೌಂಟನ್ ಬೈಕ್ ಅಂದರೆ ಕಾಡುದಾರಿಯಲ್ಲಿ, ಕಲ್ಲು ಬೇರುಗಳ ಮೇಲೆ ಓಡಿಸುವ ದಪ್ಪ ಟೈರಿನ ಸೈಕಲ್. ಅದರಲ್ಲಿ ಬರೀ ಇಳಿಜಾರಿನಲ್ಲಿ ಧುಮುಕುವವರ ಪಂಥ ಬೇರೆ. ಕ್ರಾಸ್ ಕಂಟ್ರಿಯವರು ಹತ್ತಲೂ ಬೇಕು, ಇಳಿಯಲೂ ಬೇಕು, ಅದೇ ದಾರಿಯನ್ನು ಸುತ್ತು ಸುತ್ತಾಗಿ ಓಡಿಸಬೇಕು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಈ ಆಟ ಸೇರಿತು. ಮಹಿಳೆಯರಲ್ಲಿ ಮೊದಲ ಚಿನ್ನ ಗೆದ್ದವಳು ಇಟಲಿಯ ಪಾವೊಲಾ ಪೆಟ್ಸೊ. ಏರು ಹತ್ತುವವರಿಗೆ ಸೈಕಲ್ಲಿನ ಒಂದೊಂದು ಕಿಲೋ ಕೂಡ ಲೆಕ್ಕ.

ಹಗುರ ಅನ್ನುವ ಮಾತು ಕೇಳಿದ ಕೂಡಲೆ ನನಗೆ ನೆನಪಾದದ್ದು ತಂಗಿ.

ನಮ್ಮದು ಸಕಲೇಶಪುರದ ಕಡೆಯ ಹಳ್ಳಿ. ಹೈಸ್ಕೂಲು ಏಳು ಕಿಲೋಮೀಟರು, ಅದರಲ್ಲಿ ಎರಡು ಬರೀ ಏರು. ಮನೆಗೆ ಇದ್ದದ್ದು ಒಂದೇ ಸೈಕಲ್. ಗಂಡಸರ ಸೈಕಲ್, ಕ್ಯಾರಿಯರ್, ಸ್ಟ್ಯಾಂಡ್, ಡೈನಮೋ ಎಲ್ಲ ಸೇರಿ ಇಪ್ಪತ್ತು ಕಿಲೋಗೆ ಕಡಿಮೆ ಇರಲಿಲ್ಲ. ಒಳಪೆಡಲ್ ಹೊಡೆಯುತ್ತ ನಾನೂ ಕಲಿತೆ, ನನ್ನ ಹಿಂದೆ ತಂಗಿಯೂ ಕಲಿತಳು. ಎಂಟನೇ ತರಗತಿಗೆ ಅವಳು ಅದರಲ್ಲೇ ಹೋಗತೊಡಗಿದಳು. ಏರಿನಲ್ಲಿ ತಳ್ಳಿಕೊಂಡು ಹೋಗುವಳು, ಇಳುಕಲಿನಲ್ಲಿ ಅದು ಅವಳನ್ನೇ ಎಳೆದುಕೊಂಡು ಹೋಗುವುದು. ಆಷಾಢದ ಮಳೆಯಲ್ಲಿ ಒಂದು ದಿನ ಸೈಕಲ್ ಸಮೇತ ಚರಂಡಿಗೆ ಬಿದ್ದಳು. ಅಷ್ಟಕ್ಕೇ ಶಾಲೆ ನಿಂತಿತು. ಸೈಕಲ್ ಒಂದೇ ಕಾರಣ ಅನ್ನಲಾರೆ, ಹೆಣ್ಣುಮಗಳು ಅನ್ನುವುದೂ ಇತ್ತು. ಆದರೆ ಮುಂದಿನ ವರ್ಷ ಅದೇ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಹಾಸನದ ಕಾಲೇಜಿಗೆ ಹೋದವನು ನಾನೇ. ಬಿ.ಕಾಂ. ಮಾಡಿದೆ, ಬ್ಯಾಂಕ್ ಸೇರಿದೆ.

"ಸೈಕಲ್ ದುಡ್ಡು ನಂದು" ಅಂದೆ.

"ಮೊದಲು ರೇಟು ಕೇಳಿ ಅಪ್ಪ, ಆಮೇಲೆ ಹೇಳಿ" ಅಂದಳು ಮಗಳು.

ಕೊಳ್ಳುವುದಾದರೆ ಮೌಂಟನ್ ಬೈಕ್ ಹುಟ್ಟಿದ ಊರಲ್ಲೇ ಕೊಳ್ಳೋಣ ಎಂದು ಅಳಿಯಂದಿರು ಶನಿವಾರ ನಮ್ಮನ್ನು ಫೇರ್‌ಫ್ಯಾಕ್ಸ್‌ಗೆ ಕರೆದುಕೊಂಡು ಹೋದರು. ರಿಚ್ಮಂಡ್ ಕಡೆಯಿಂದ ಉದ್ದದ ಸೇತುವೆ ದಾಟಿ ಕೊಲ್ಲಿಯ ಆಚೆ ದಡ ಸೇರಿದರೆ ಮರಿನ್ ಜಿಲ್ಲೆ. ಒಣಹುಲ್ಲಿನ ಬಂಗಾರದ ಬಣ್ಣದ ಗುಡ್ಡಗಳು, ಕಣಿವೆಗಳಲ್ಲಿ ಮಾತ್ರ ಕಡುಹಸಿರು ಮರಗಳು. ಫೇರ್‌ಫ್ಯಾಕ್ಸ್ ನಮ್ಮ ಹೋಬಳಿ ಊರಿನಷ್ಟಿದೆ. ಕಾಫಿ ಅಂಗಡಿಯ ಮುಂದೆ ಕಾರುಗಳಿಗಿಂತ ಕೆಸರು ಮೆತ್ತಿದ ಸೈಕಲ್ಲುಗಳೇ ಹೆಚ್ಚು.

ಊರ ನಡುವೆ ಸೈಕಲ್ ಮ್ಯೂಸಿಯಂ ಇದೆ, 2015ರಲ್ಲಿ ತೆರೆದದ್ದು. ಆಳೆತ್ತರದ ಮುಂಚಕ್ರದ ಹಳೆಯ ಸೈಕಲ್ಲುಗಳನ್ನು ದಾಟಿ ಒಳಗೆ ಹೋದರೆ ಮೌಂಟನ್ ಬೈಕಿನ ಕಥೆ. 1970ರ ದಶಕದಲ್ಲಿ ಇಲ್ಲಿನ ಹುಡುಗರು ಗುಜರಿಗೆ ಬಿದ್ದಿದ್ದ ದಪ್ಪ ಟೈರಿನ ಹಳೇ ಸೈಕಲ್ಲುಗಳನ್ನು ಟ್ರಕ್ಕಿನಲ್ಲಿ ಗುಡ್ಡದ ಮೇಲಕ್ಕೆ ಸಾಗಿಸಿ, ಮಣ್ಣಿನ ದಾರಿಯಲ್ಲಿ ಬಿಟ್ಟುಕೊಂಡು ಬರುತ್ತಿದ್ದರು. 1976ರ ಅಕ್ಟೋಬರಿನಲ್ಲಿ ಅದನ್ನೇ ಪಂದ್ಯ ಮಾಡಿದರು. ಮೂರೂವರೆ ಕಿಲೋಮೀಟರಿಗೂ ಕಡಿಮೆ ದಾರಿಯಲ್ಲಿ ಸುಮಾರು 400 ಮೀಟರು ಇಳಿಯಬೇಕು! ಬ್ರೇಕು ಹಿಂದಿನ ಚಕ್ರದ ಹಬ್ಬಿನ ಒಳಗೆ, ಪೆಡಲ್ ಹಿಂದಕ್ಕೆ ಒತ್ತಿದರೆ ಹಿಡಿಯುವಂಥದು. ಕೆಳಗೆ ಬರುವಷ್ಟರಲ್ಲಿ ಕಾದು, ಗ್ರೀಸು ಉರಿದು ಹೊಗೆ ಬರುತ್ತಿತ್ತಂತೆ. ಹಬ್ ಬಿಚ್ಚಿ ಮತ್ತೆ ಗ್ರೀಸ್ ತುಂಬಿದ ಮೇಲೇ ಮುಂದಿನ ಸವಾರಿ. ಹೀಗೆ ಮತ್ತೆ ತುಂಬುವುದಕ್ಕೆ ಅವರ ಮಾತಿನಲ್ಲಿ ರೀಪ್ಯಾಕ್. ಪಂದ್ಯಕ್ಕೂ ಅದೇ ಹೆಸರಾಯಿತು.

ಆ ಸೈಕಲ್ಲುಗಳನ್ನು ನೋಡಿದರೆ ನಮ್ಮನೆಯದರ ಅಣ್ಣತಮ್ಮಂದಿರ ಹಾಗೆಯೇ ಇವೆ. ಅದೇ ದಪ್ಪ ಕಬ್ಬಿಣ. ಇಳಿಯಲು ಸೈ, ಹತ್ತಲು ಕಷ್ಟ. ಆ ಹುಡುಗರಲ್ಲೊಬ್ಬ ಜೋ ಬ್ರೀಜ್ 1977ರಲ್ಲಿ ಗುಡ್ಡಕ್ಕೆಂದೇ ಹೊಸ ಫ್ರೇಮ್ ಬೆಸೆದ. ಅವನ ಮೊದಲ ಸೈಕಲ್ ಈಗ ವಾಷಿಂಗ್ಟನ್ನಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ.

ಮಧ್ಯಾಹ್ನ ಒಂದು ಅಂಗಡಿಗೆ ಹೋದೆವು. ಅಂಗಡಿಯಾತ ಮೊದಲು ಬೆಲೆ ಹೇಳಲಿಲ್ಲ, ಬ್ರ್ಯಾಂಡೂ ಹೇಳಲಿಲ್ಲ. ಮೊಮ್ಮಗಳನ್ನು ಒಂದು ಸೈಕಲ್ಲಿನ ಮೇಲ್ಕಂಬಿಯ ಎರಡೂ ಕಡೆ ಕಾಲೂರಿ ನಿಲ್ಲಿಸಿ, ಮಧ್ಯೆ ಜಾಗ ಇದೆಯೇ ಎಂದು ನೋಡಿದ. ಸೀಟಿನ ಮೇಲೆ ಕೂರಿಸಿ, ಪೆಡಲ್ ಕೆಳಗೆ ಬಂದಾಗ ಮೊಣಕಾಲು ಚೂರು ಮಡಿಚಿರಬೇಕು ಎಂದು ತೋರಿಸಿದ. ಅಳತೆ ತಪ್ಪಿದರೆ ಎಷ್ಟು ಹಗುರವಾದ ಸೈಕಲ್ಲೂ ಭಾರವೇ ಎಂದ. ಇಪ್ಪತ್ತು ಇಂಚಿನ ಕಾಲಿಗೆ ಇಪ್ಪತ್ನಾಲ್ಕರ ಫ್ರೇಮ್ ಕೊಟ್ಟು ಬೆಳೆಸಿದ ನಮ್ಮ ಕಾಲದವರಿಗೆ ಈ ಮಾತು ಹೇಳುವವರೇ ಇರಲಿಲ್ಲ.

ಹಿಂದೆಯೂ ಸ್ಪ್ರಿಂಗ್ ಇರುವ ಸೈಕಲ್ ಮೇಲೆ ಮೊಮ್ಮಗಳ ಕಣ್ಣು. ಹಿಂದೆ ಸ್ಪ್ರಿಂಗ್ ಕೂರಿಸಿದರೆ ತೂಕವೂ ಏರುತ್ತದೆ, ಬೆಲೆಯೂ ಏರುತ್ತದೆ. ಶಾಲೆಯ ಪಂದ್ಯಕ್ಕೆ ಮುಂದೆ ಮಾತ್ರ 100 ಮಿಲಿಮೀಟರು ಕುಗ್ಗುವ ಫೋರ್ಕ್ ಸಾಕು ಎಂದು ಅಂಗಡಿಯಾತನ ಅಭಿಪ್ರಾಯ. ಕೊನೆಗೆ ಎರಡು ಉಳಿದವು. ಒಂದು ಕಾರ್ಬನ್, 10.3 ಕಿಲೋ. ಇನ್ನೊಂದು ಅಲ್ಯೂಮಿನಿಯಂ, 12 ಕಿಲೋ. ಎರಡಕ್ಕೂ 29 ಇಂಚಿನ ಚಕ್ರ, ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಹನ್ನೆರಡು. ಕಾರ್ಬನ್ನಿಗೆ 1,600 ಡಾಲರ್ ಹೆಚ್ಚು. ನಾನು ಜೇಬಿನ ಪುಸ್ತಕ ತೆಗೆದೆ. 1,700 ಗ್ರಾಮಿಗೆ 1,600 ಡಾಲರ್. ಹೆಚ್ಚು ಕಡಿಮೆ ಗ್ರಾಮಿಗೆ ಒಂದು ಡಾಲರ್! ಸೈಕಲ್ ಅಂಗಡಿಯಲ್ಲಿ ಇಂಥ ದರ ನಾನು ಕೇಳಿರಲಿಲ್ಲ. ಗೋಡೆಯ ಮೇಲೆ ಹತ್ತು ಸಾವಿರ ಡಾಲರಿನದೊಂದು ನೇತಾಡುತ್ತಿತ್ತು. ಅತ್ತ ನೋಡಬಾರದೆಂದು ನಾವಿಬ್ಬರೂ ಮೊದಲೇ ಒಪ್ಪಂದ ಮಾಡಿಕೊಂಡಿದ್ದೆವು.

ಕಾರ್ಬನ್ನೇ ಕೊಡಿಸಬೇಕೆಂದು ನನ್ನ ಮನಸ್ಸು. ಯಾಕೆಂದು ಅವರಿಗೆ ಯಾರಿಗೂ ಹೇಳಿರಲಿಲ್ಲ. ಮೊಮ್ಮಗಳು ಎರಡನ್ನೂ ಅಂಗಡಿ ಹಿಂದಿನ ಏರುರಸ್ತೆಯಲ್ಲಿ ಓಡಿಸಿ ಬಂದಳು. ಮೂರು ಸಲ ಹೋಗಿ ಬಂದಳು. ಆಮೇಲೆ ಅಲ್ಯೂಮಿನಿಯಂ ಸೈಕಲ್ಲನ್ನು ಹಿಡಿದುಕೊಂಡೇ ನಿಂತಳು.

"ಇದೇ ಸಾಕು ತಾತ."

"ದುಡ್ಡಿಗಾಗಿ ಅನ್ನಬೇಡ."

"ದುಡ್ಡಿಗೂ ಹೌದು. ಆದ್ರೆ ಇದು ಬಿದ್ರೂ ನಂಗೆ ಭಯ ಇಲ್ಲ. ನಾನು ತುಂಬಾ ಸಲ ಬೀಳ್ತೀನಿ."

ತೂಕ ಇಳಿಸುವುದಾದರೆ ಮೊದಲು ಚಕ್ರದಲ್ಲಿ ಇಳಿಸಬೇಕು, ತಿರುಗುವ ಭಾರವೇ ಕಾಲಿಗೆ ಹೆಚ್ಚು ತಿಳಿಯುವುದು ಎಂದ ಅಂಗಡಿಯಾತ, ಒಳಗಿನ ಟ್ಯೂಬು ತೆಗೆದು, ತೂತನ್ನು ತಾನೇ ಮುಚ್ಚಿಕೊಳ್ಳುವ ಬಿಳಿ ದ್ರವ ಹಾಕಿಕೊಟ್ಟ. ಎರಡೂ ಚಕ್ರ ಸೇರಿ ಇನ್ನೂರು ಗ್ರಾಮಿನಷ್ಟು ಇಳಿಯಿತು. ಟ್ಯೂಬಿಲ್ಲದ ಸೈಕಲ್! ಪಂಕ್ಚರ್ ಅಂಗಡಿಯವರು ಓದಿದರೆ ಬೇಜಾರು ಮಾಡಿಕೊಳ್ಳಬಾರದು.

ನಾನೂ ಎತ್ತಿ ನೋಡಿದೆ. ಒಂದೇ ಕೈಯಲ್ಲಿ ಬಂತು, ಈ ವಯಸ್ಸಿನಲ್ಲಿ.

ರಾತ್ರಿ ತಂಗಿಗೆ ಫೋನ್ ಮಾಡಿ ಫೋಟೋ ಕಳಿಸಿದೆ. ಸೊಸೆಯ ಕೈಲಿ ಫೋಟೋ ದೊಡ್ಡದು ಮಾಡಿಸಿ ಬಹಳ ಹೊತ್ತು ನೋಡಿದಳು.

"ಅಣ್ಣಯ್ಯ, ಎಷ್ಟು ಭಾರ ಇದೆ?"

"ಹನ್ನೆರಡು ಕಿಲೋ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಅಂದ್ರೆ ಒಂದು ತುಂಬಿದ ಬಿಂದಿಗೆ. ಸೊಂಟದ ಮೇಲೆ ಇಟ್ಕೊಂಡು ಹೋಗಬಹುದಿತ್ತು" ಎಂದಳು. ಮತ್ತೆ ಫೋಟೋ ನೋಡಿರಬೇಕು. "ಅಲ್ಲ, ಇದಕ್ಕೆ ಕ್ಯಾರಿಯರ್ ಎಲ್ಲಿ? ಸ್ಟ್ಯಾಂಡೂ ಇಲ್ವಲ್ಲ, ಬೆಲ್ಲೂ ಇಲ್ಲ. ಅಷ್ಟು ದುಡ್ಡು ಕೊಟ್ಟು ಏನು ನೋಡಿ ತಂದೆ ನೀನು?"