ಕೊನೆಯಿಲ್ಲದ ಹೊಲದ ಅಳತೆ

ಕೊನೆಯಿಲ್ಲದ ವಸ್ತುವಿಗೆ ಲೆಕ್ಕವಿಲ್ಲವೆಂಬುದು ಲೋಕದಲ್ಲಿ ರೂಢವಾದ ಮಾತು. ಭಾಸ್ಕರಾಚಾರ್ಯರು 12ನೆಯ ಶತಮಾನದಲ್ಲಿ ರಚಿಸಿದ ತಮ್ಮ ಬೀಜಗಣಿತದಲ್ಲಿ, ಸೊನ್ನೆಯಿಂದ ಭಾಗಿಸಿದಾಗ ಬರುವ 'ಖಹರ'ವೆಂಬ ರಾಶಿಯನ್ನು ಅನಂತನಾದ ಅಚ್ಯುತನಿಗೆ ಹೋಲಿಸಿರುವರು. ಏನನ್ನು ಕೂಡಿಸಿದರೂ ಏನನ್ನು ಕಳೆದರೂ ಅದು ವಿಕಾರ ಹೊಂದುವುದಿಲ್ಲ. ಕೈಮುಗಿದು ನಿಲ್ಲುವವರಿಗೆ ಈ ಹೋಲಿಕೆಯು ಬಹು ಚೆಲುವಾದುದು. ಆದರೆ ಗಣಿತಶಾಸ್ತ್ರವು ಅಲ್ಲಿಗೇ ನಿಲ್ಲಲಿಲ್ಲ. ಕೊನೆಯಿಲ್ಲದವುಗಳಲ್ಲಿಯೂ ಕೆಲವಕ್ಕೆ ಲೆಕ್ಕವುಂಟು, ಕೆಲವಕ್ಕೆ ಇಲ್ಲ. ಯಾವುದಕ್ಕೆ ಉಂಟೆಂಬುದನ್ನು ಪರೀಕ್ಷಿಸಿ ತಿಳಿಯಬಹುದು ಎಂದು ಅದು ತೋರಿಸಿಕೊಟ್ಟಿತು. ಕಾಲೇಜಿನಲ್ಲಿ ಕಲನಶಾಸ್ತ್ರವನ್ನು ಓದತೊಡಗಿದ ಮಕ್ಕಳು 'ಇಂಪ್ರಾಪರ್ ಇಂಟೆಗ್ರಲ್' ಎಂಬ ಒರಟು ಹೆಸರಿನಲ್ಲಿ ಕಲಿಯುವುದು ಇದನ್ನೇ. ಹೆಸರು ಹೇಗೇ ಇರಲಿ, ವಿಷಯವು ಮನೆಮಂದಿಯೆಲ್ಲ ಕುಳಿತು ಯೋಚಿಸತಕ್ಕಷ್ಟು ಸ್ವಾರಸ್ಯವಾದುದು.

ಒಂದು ಬಾವಿಯಿಂದ ನೇರವಾಗಿ ಮೂಡಣಕ್ಕೆ ಸಾಗುವ ಹೊಲವೊಂದನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು. ಬಾವಿಯಿಂದ ಒಂದು ಮಾರು ದೂರದಲ್ಲಿ ಅದರ ಆರಂಭ. ಅಲ್ಲಿ ಅದರ ಅಗಲವೂ ಒಂದು ಮಾರು. ಎರಡು ಮಾರು ದೂರದಲ್ಲಿ ಅಗಲವು ಕಾಲು ಮಾರು, ಮೂರು ಮಾರಿನಲ್ಲಿ ಒಂಬತ್ತನೆಯ ಒಂದು ಪಾಲು, ಹತ್ತು ಮಾರಿನಲ್ಲಿ ನೂರನೆಯ ಒಂದು ಪಾಲು. ಹೀಗೆ ದೂರದ ವರ್ಗದಿಂದ ಒಂದನ್ನು ಭಾಗಿಸಿದಷ್ಟು ಅಗಲವಾಗಿ ಅದು ಎಂದೆಂದಿಗೂ ಮುಗಿಯದೆ ಹೋಗುವುದು. ಎರಡನೆಯ ಹೊಲವೊಂದುಂಟು. ಅದರ ಅಗಲವು ಎರಡು ಮಾರಿನಲ್ಲಿ ಅರ್ಧ, ಮೂರರಲ್ಲಿ ಮೂರನೆಯ ಒಂದು ಪಾಲು, ಹತ್ತರಲ್ಲಿ ಹತ್ತನೆಯ ಒಂದು ಪಾಲು. ಎರಡೂ ದಾರದ ಎಳೆಗಿಂತ ಸಣ್ಣವಾಗುತ್ತವೆ, ಎರಡಕ್ಕೂ ಕೊನೆಯಿಲ್ಲ. ಇವುಗಳ ವಿಸ್ತೀರ್ಣವೆಷ್ಟು?

ಗಣಿತಜ್ಞನು ಕೊನೆಯಿಲ್ಲದ ಕಡೆಗೆ ಒಮ್ಮೆಗೇ ಹಾರುವುದಿಲ್ಲ. ಎಲ್ಲಿಯಾದರೂ ಒಂದು ಗೂಟವನ್ನು ನೆಟ್ಟು ಅಲ್ಲಿಯವರೆಗೆ ಅಳೆಯುತ್ತಾನೆ. ಬಳಿಕ ಗೂಟವನ್ನು ದೂರದೂರಕ್ಕೆ ಸರಿಸುತ್ತ, ಉತ್ತರವು ಒಂದು ಸಂಖ್ಯೆಯ ಬಳಿ ನೆಲೆಗೊಳ್ಳುವುದೋ ಎಂದು ನೋಡುತ್ತಾನೆ. ಫ್ರಾನ್ಸಿನ ಕೋಶಿಯು 1823ರಲ್ಲಿ ಪ್ರಕಟಿಸಿದ ತನ್ನ ಪಾಠಗಳಲ್ಲಿ ಇದನ್ನು ಪರಿಮಿತಿಯ ಮೂಲಕ ಸ್ಪಷ್ಟಪಡಿಸಿದನು. ಮೊದಲನೆಯ ಹೊಲದಲ್ಲಿ ಗೂಟವು 10 ಮಾರಿನಲ್ಲಿದ್ದರೆ ವಿಸ್ತೀರ್ಣ 0.9 ಚದರ ಮಾರು, 100ರಲ್ಲಿ 0.99, 1000ರಲ್ಲಿ 0.999. ಎಷ್ಟು ದೂರ ಹೋದರೂ ಅದು ಒಂದನ್ನು ಮೀರದು; ಒಂದಕ್ಕೆ ಬೇಕಾದಷ್ಟು ಹತ್ತಿರ ಬರುವುದು. ಆದುದರಿಂದ ಇಡೀ ಹೊಲವು ಒಂದೇ ಒಂದು ಚದರ ಮಾರು! ಹೀಗೆ ನೆಲೆಗೊಳ್ಳುವುದಕ್ಕೆ ಅಭಿಸರಣವೆಂದು ಹೆಸರು.

ಎರಡನೆಯ ಹೊಲದಲ್ಲಿ 10 ಮಾರಿಗೆ ಸುಮಾರು 2.3, 100ಕ್ಕೆ 4.6, 1000ಕ್ಕೆ 6.9 ಚದರ ಮಾರು ಆಗುವುದು. ಗೂಟವು ಹತ್ತರಷ್ಟು ದೂರಕ್ಕೆ ಹೋದಾಗಲೆಲ್ಲ ಸುಮಾರು 2.3 ಮಾತ್ರ ಹೆಚ್ಚುವುದು. ಇಪ್ಪತ್ತು ಚದರ ಮಾರು ಆಗಬೇಕಾದರೆ ಗೂಟವನ್ನು 48 ಕೋಟಿ ಮಾರುಗಳಾಚೆ ನೆಡಬೇಕು; ಮಾರಿಗೆ ಆರು ಅಡಿಯಂತೆ ಲೆಕ್ಕಹಾಕಿದರೆ ಅದು ಚಂದ್ರನ ದೂರದ ಎರಡರಷ್ಟಕ್ಕೂ ಮೇಲಾಯಿತು. ಕಣ್ಣಳತೆಯನ್ನು ನಂಬಿದವನು ಇದೂ ಎಲ್ಲಿಯೋ ನಿಂತುಹೋಗುವುದೆಂದು ಆಣೆಯಿಟ್ಟು ಹೇಳುವನು. ಆದರೆ ಯುಕ್ತಿಯು ಬೇರೆ ಹೇಳುತ್ತದೆ. ಒಂದರಿಂದ ಎರಡು ಮಾರಿನವರೆಗೆ ಉದ್ದ ಒಂದು, ಅಗಲ ಅರ್ಧಕ್ಕೆ ಕಡಮೆಯಿಲ್ಲ. ಎರಡರಿಂದ ನಾಲ್ಕರವರೆಗೆ ಉದ್ದ ಎರಡು, ಅಗಲ ಕಾಲಿಗೆ ಕಡಮೆಯಿಲ್ಲ. ನಾಲ್ಕರಿಂದ ಎಂಟರವರೆಗೆ ಉದ್ದ ನಾಲ್ಕು, ಅಗಲ ಅರೆಕಾಲಿಗೆ ಕಡಮೆಯಿಲ್ಲ. ಪ್ರತಿಯೊಂದು ತುಂಡೂ ಅರ್ಧ ಚದರ ಮಾರಿಗೆ ಕಡಮೆಯಾಗಲಿಲ್ಲ. ಇಂತಹ ತುಂಡುಗಳಿಗೆ ಕೊನೆಯಿಲ್ಲವಾದುದರಿಂದ ಮೊತ್ತಕ್ಕೂ ಮೇರೆಯಿಲ್ಲ. 14ನೆಯ ಶತಮಾನದಲ್ಲಿಯೇ ಫ್ರಾನ್ಸಿನ ವಿದ್ವಾಂಸನಾದ ನಿಕೋಲ್ ಒರೆಮನು ಒಂದು, ಅರ್ಧ, ಮೂರನೆಯ ಒಂದು, ಕಾಲು ಎಂದು ಕೂಡುತ್ತ ಹೋಗುವ ಶ್ರೇಣಿಗೆ ಇದೇ ಯುಕ್ತಿಯನ್ನು ಹೂಡಿದ್ದನು. ಕಿರಿದಾದರೆ ಸಾಲದು, ಸಾಕಷ್ಟು ಬೇಗ ಕಿರಿದಾಗಬೇಕು ಎಂಬುದೇ ಇದರ ಸಾರ.

ನಮ್ಮ ತಮ್ಮನ ಮಗಳು ಬಿ.ಎಸ್‌ಸಿ. ಮೊದಲನೆಯ ವರ್ಷದಲ್ಲಿದ್ದಾಗ ಒಂದು ಸಂಜೆ ಪುಸ್ತಕವನ್ನು ಹಿಡಿದು, ಒಂದು ಕಾಲದಲ್ಲಿ ಗಣಿತವನ್ನು ಓದಿದ್ದ ನಮ್ಮ ಬಳಿಗೆ ಬಂದಳು. ಮೊದಲನೆಯ ಹೊಲವನ್ನೇ ಬಾವಿಯ ಪಡುವಣಕ್ಕೆ ಒಂದು ಮಾರಿನಿಂದ ಮೂಡಣಕ್ಕೆ ಒಂದು ಮಾರಿನವರೆಗೆ ಅಳೆಯಹೊರಟಿದ್ದಳು. "ದೊಡ್ಡಪ್ಪ, ಸೂತ್ರದಲ್ಲಿ ಒಂದಕ್ಷರವೂ ತಪ್ಪಿಲ್ಲ. ಹೊಲವೆಲ್ಲ ಗೆರೆಯ ಮೇಲೆಯೇ ಇದೆ. ವಿಸ್ತೀರ್ಣ ಮಾತ್ರ ಋಣ ಎರಡು ಬರುತ್ತದೆ. ತರಗತಿಯಲ್ಲಿ ಕೇಳಿದರೆ, ಪರೀಕ್ಷೆಗೆ ಬರುವುದಿಲ್ಲ, ಮುಂದೆ ನಡೆ ಎಂದರು. ಸೂತ್ರವೇ ಹೀಗೆ ಸುಳ್ಳು ಹೇಳಿದರೆ ನಾನು ಯಾವುದನ್ನು ನಂಬಲಿ? ನನಗೆ ಈ ಗಣಿತವೇ ಬೇಡ, ಬೇರೆ ವಿಷಯ ತೆಗೆದುಕೊಳ್ಳುತ್ತೇನೆ," ಎಂದಳು. ಕಣ್ಣಿನಲ್ಲಿ ನೀರು ತುಂಬಿತ್ತು. ಲೆಕ್ಕ ಬಾರದ ದುಃಖ ಅದಲ್ಲ. ನಂಬಿದುದು ಕೈಕೊಟ್ಟಿತೆಂಬ ದುಃಖ.

"ಮಗು, ದಾರಿಯ ನಡುವೆ ಏನಿದೆ, ನೋಡು," ಎಂದೆವು. ಅವಳು ಬೆರಳಿಟ್ಟು ನೋಡಿದಳು. ನಡುವೆ ಬಾವಿಯಿದೆ, ಅಲ್ಲಿ ದೂರವು ಸೊನ್ನೆ, ಅಗಲಕ್ಕೆ ಮೇರೆಯೇ ಇಲ್ಲ. ಸೂತ್ರವು ಬಾವಿಯನ್ನು ಕಾಣದೆ ಈ ದಡದಿಂದ ಆ ದಡಕ್ಕೆ ಜಿಗಿದಿತ್ತು. ಆದುದರಿಂದ ಹೊಲವನ್ನು ಬಾವಿಯ ಬಳಿ ಎರಡಾಗಿ ಸೀಳಿ, ಈ ಸಲ ಗೂಟವನ್ನು ಬಾವಿಯ ಹತ್ತಿರ ಹತ್ತಿರಕ್ಕೆ ಸರಿಸಬೇಕು. ಹತ್ತನೆಯ ಒಂದು ಮಾರಿನಲ್ಲಿ ನೆಟ್ಟರೆ 9 ಚದರ ಮಾರು, ನೂರನೆಯ ಒಂದರಲ್ಲಿ 99, ಸಾವಿರದ ಒಂದರಲ್ಲಿ 999. ಇದು ನೆಲೆಗೊಳ್ಳುವ ಬಗೆಯದಲ್ಲ. ದೂರದ ವರ್ಗಮೂಲದಿಂದ ಒಂದನ್ನು ಭಾಗಿಸಿದಷ್ಟು ಅಗಲವಿದ್ದಿದ್ದರೆ, ಬಾವಿಯ ಬಳಿ ಅಗಲಕ್ಕೆ ಮೇರೆಯಿಲ್ಲದಿದ್ದರೂ ಒಂದು ಮಾರಿನವರೆಗಿನ ವಿಸ್ತೀರ್ಣವು ಸರಿಯಾಗಿ ಎರಡಾಗುತ್ತಿತ್ತು. ಅವಳು ಇವೆರಡನ್ನೂ ತಾನೇ ಬರೆದು ನೋಡಿದಳು. "ಹಾಗಾದರೆ ಸೂತ್ರ ಸುಳ್ಳು ಹೇಳಲಿಲ್ಲ, ದೊಡ್ಡಪ್ಪ, ಅದು ಸಲ್ಲದ ಕಡೆ ಅದನ್ನು ಕೇಳಿದೆ," ಎಂದಳು. ಆ ವರ್ಷ ಅವಳು ಗಣಿತವನ್ನು ಬಿಡಲಿಲ್ಲ.

ಕೆಲವು ವೇಳೆ ಅಳೆಯುವ ಸೂತ್ರವೇ ದೊರೆಯದು. ಅಳತೆಯ ದೋಷಗಳ ಲೆಕ್ಕದಲ್ಲಿ ಬರುವ ಗಂಟೆಯಾಕಾರದ ರೇಖೆಯು ಅಂತಹುದು; ಅದರ ಅನುಕಲವನ್ನು ನಮಗೆ ಪರಿಚಿತವಾದ ಸರಳ ಉತ್ಪನ್ನಗಳಿಂದ ಬರೆಯಲಾಗದು. ಆಗ ಹೋಲಿಕೆಯ ಪರೀಕ್ಷೆಯು ಒದಗುವುದು. ದೊಡ್ಡ ಪಾತ್ರೆಯು ಗೂಡಿನಲ್ಲಿ ಹಿಡಿಸಿದರೆ ಅದರೊಳಗೆ ಕೂರುವ ಚಿಕ್ಕದೂ ಹಿಡಿಸುವುದಷ್ಟೆ? ಪ್ರತಿ ಮಾರಿಗೂ 2.718ರಲ್ಲಿ ಒಂದು ಪಾಲಿಗೆ ಇಳಿಯುವ ರೇಖೆಯೊಂದುಂಟು. ಅದರ ಕೆಳಗಿನ ವಿಸ್ತೀರ್ಣಕ್ಕೆ ಮೇರೆಯಿದೆ. ಒಂದು ಮಾರಿನಾಚೆ ಗಂಟೆಯ ರೇಖೆಯು ಅದರ ಕೆಳಗೇ ಇರುವುದು. ಆದುದರಿಂದ ಇದಕ್ಕೂ ಮೊತ್ತವುಂಟೆಂದು, ಮೊತ್ತವೆಷ್ಟೆಂದು ತಿಳಿಯುವ ಮೊದಲೇ, ಧೈರ್ಯವಾಗಿ ಹೇಳಬಹುದು. ಬೇರೆ ಉಪಾಯದಿಂದ ಅಳೆದಾಗ ಸೊನ್ನೆಯಿಂದ ಆಚೆಗಿನ ಮೊತ್ತವು ಪೈಯ ವರ್ಗಮೂಲದ ಅರ್ಧ, ಎಂದರೆ ಸುಮಾರು 0.886 ಎಂದು ಕಂಡುಬರುವುದು.

ನಮ್ಮ ಎರಡು ಹೊಲಗಳು ಒಂದೇ ವಸ್ತುವಿನಲ್ಲಿ ಕೂಡುವ ವಿಚಿತ್ರವೊಂದಿದೆ. ಗೆಲಿಲಿಯೋವಿನ ಶಿಷ್ಯನೂ ವಾಯುಭಾರಮಾಪಕವನ್ನು ನಿರ್ಮಿಸಿದವನೂ ಆದ ಇಟಲಿಯ ಟಾರಿಸೆಲ್ಲಿಯು 1641ರಲ್ಲಿ ಇದನ್ನು ಕಂಡು, 1644ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಪ್ರಕಟಿಸಿದನು. ಎರಡನೆಯ ಹೊಲದ ಅಂಚನ್ನು ಅದರ ನೇರ ಬದುವಿನ ಸುತ್ತ ತಿರುಗಿಸಿದರೆ ಕೊನೆಯಿಲ್ಲದ ಕಹಳೆಯೊಂದು ಆಗುವುದು. ಅದರ ಗಾತ್ರಕ್ಕೆ ಅಗಲದ ವರ್ಗ ಬೇಕು. ಆದುದರಿಂದ ಅದು ಮೊದಲನೆಯ ಹೊಲದ ಪೈಯಷ್ಟು, ಎಂದರೆ ಸುಮಾರು 3.14 ಘನ ಮಾರು. ಮೇಲ್ಮೈಗಾದರೋ ಅಗಲವೇ ಬೇಕು. ಅದು ಎರಡನೆಯ ಹೊಲವನ್ನು ಹಿಂಬಾಲಿಸಿ ಮೇರೆ ಮೀರುವುದು. ತುಂಬಲು ಮೂರೂಕಾಲು ಘನ ಮಾರು ಬಣ್ಣ ಸಾಕು. ಮೇಲೆ ಒಂದೇ ದಪ್ಪವಾಗಿ ಬಳಿಯಲು ಲೋಕದ ಬಣ್ಣವೆಲ್ಲವೂ ಸಾಲದು! ಇಂಗ್ಲೆಂಡಿನ ತತ್ತ್ವಜ್ಞಾನಿ ಹಾಬ್ಸನು ಇದನ್ನು ಒಪ್ಪಲೊಲ್ಲದೆ ಗಣಿತಜ್ಞ ವಾಲಿಸನೊಡನೆ ಜಗಳವಾಡಿದನು. ಆದರೆ ಇಲ್ಲಿ ವಿರೋಧವಿಲ್ಲ. ಒಳಗೆ ತುಂಬಿದ ಬಣ್ಣದ ಲೇಪವು ಕಹಳೆಯು ಕಿರಿದಾದಂತೆ ತಾನೂ ತೆಳುವಾಗುತ್ತ ಹೋಗುವುದು. ಹೊರಗಿನ ಲೇಪಕ್ಕೆ ನಾವು ಆ ಅವಕಾಶವನ್ನು ಕೊಡಲಿಲ್ಲ.

ಎಷ್ಟು ಎಂದು ಕೇಳುವ ಮೊದಲು ಉಂಟೇ ಎಂದು ಕೇಳಬೇಕೆಂಬುದು ಈ ಪಾಠದ ಕ್ರಮ. ಇಲ್ಲವೆಂದು ನಿಶ್ಚಯವಾದರೆ ಅದೂ ಒಂದು ಪೂರ್ಣವಾದ ಉತ್ತರವೇ. ಮನೆಯಲ್ಲಿ ಓದುವ ಮಕ್ಕಳು ಹೊಂದದ ಉತ್ತರವೊಂದನ್ನು ತಂದು ಮುಂದಿಟ್ಟಾಗ, ಹಿರಿಯರಿಗೆ ಕಲನಶಾಸ್ತ್ರವು ತಿಳಿದಿರಬೇಕೆಂದೇನೂ ಇಲ್ಲ. ಮುಂದೆ ನಡೆ ಎನ್ನದೆ ಅವರೊಡನೆ ಅರ್ಧ ಗಳಿಗೆ ಕುಳಿತರೆ ಸಾಕು. ಬಾವಿಯೆಲ್ಲಿದೆಯೆಂಬುದನ್ನು ಅವರೇ ಕಂಡುಕೊಳ್ಳುವರು.