ಕ್ಯಾಂಪು

ಮಸ್ಕಿಯಿಂದ ಸಿಂಧನೂರು ಸೀಮೆಗೆ ಹೊರಟವರಿಗೆ ಊರ ಹೆಸರುಗಳ ನಡುನಡುವೆ 'ಕ್ಯಾಂಪು' ಎಂಬ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಕ್ಯಾಂಪು ಎಂದರೆ ಡೇರೆ. ಇಂದು ಹೂಡಿ ನಾಳೆ ಕಿತ್ತುಕೊಂಡು ಹೋಗುವಂಥದು. ಇಲ್ಲಿಯ ಕ್ಯಾಂಪುಗಳಲ್ಲಾದರೋ ತಾರಸಿಯ ಮನೆಗಳು, ರಾಮಮಂದಿರ, ತೆಂಗಿನ ಮರ! ಮೂರು ತಲೆಮಾರು ಸಂದರೂ ಹೆಸರು ಮಾತ್ರ ಡೇರೆಯಿಂದ ಹೊರಗೆ ಬಂದಿಲ್ಲ.

1953ರಲ್ಲಿ ತುಂಗಭದ್ರೆಗೆ ಅಣೆ ಬಿದ್ದು, ಎಡದಂಡೆಯ ಕಾಲುವೆ ಈ ಕಡೆಗೆ ಹರಿದಾಗ, ಕೃಷ್ಣಾ-ಗೋದಾವರಿ ಸೀಮೆಯ ರೈತರು ಅಲ್ಲಿಯ ಒಂದೆಕರೆ ಮಾರಿ ಇಲ್ಲಿ ಹಲವೆಕರೆ ಕೊಂಡರು. ಜೋಪಡಿ ಹಾಕಿಕೊಂಡು, ಎರೆನೆಲವನ್ನು ಸಮಮಾಡಿ, ಬದು ಕಟ್ಟಿ ಭತ್ತ ಬೆಳೆದರು. ಅವರ ದುಡಿಮೆಯನ್ನು ಹಗುರವಾಗಿ ಕಾಣುವುದು ಸಲ್ಲದು.

ಹೊಲ ಮಾರಿದವರಲ್ಲಿ ನಮ್ಮ ಅಜ್ಜನೂ ಒಬ್ಬ. ಬಿಳಿಜೋಳ, ಹತ್ತಿ ಬಿಟ್ಟರೆ ಬೇರೆ ಬೆಳೆ ಕಂಡವನಲ್ಲ. "ಎರಿ ಹೊಲದಾಗ ನೀರು ನಿಂತ್ರ ನೆಲ ಕೆಡ್ತದ" ಎನ್ನುತ್ತಿದ್ದ. ಅದೇನೂ ದಡ್ಡತನದ ಮಾತಲ್ಲ. ತಗ್ಗಿನ ಹೊಲಗಳು ಎಷ್ಟೋ ಕಡೆ ಸವಳಾದುವು. ಆದರೆ ನಮ್ಮ ಹೊಲ ಸವಳಾಗಲಿಲ್ಲ. ಮಾರಿದ ಹಣ ಎರಡು ಮದುವೆಗೆ ಸಾಕಾಯಿತು. ಬಳಿಕ ನಮ್ಮ ಸೋದರತ್ತೆ ಅದೇ ಹೊಲಕ್ಕೆ ಭತ್ತದ ಸಸಿ ಹಚ್ಚುವ ಕೂಲಿಗೆ ಹೋದಳು.

ಯೋಜನೆ ಮಾಡಿದವರು ಈ ಕಾಲುವೆಯ ಹೆಚ್ಚಿನ ಪಾಲು ನೀರನ್ನು ಜೋಳ, ಹತ್ತಿಯಂಥ ಬೆಳೆಗೆಂದೇ ಎಣಿಸಿದ್ದರು. ಭತ್ತ ಅದಕ್ಕಿಂತ ಬಹಳ ಕುಡಿಯುತ್ತದೆ. ಮೇಲಿನವರು ಕುಡಿಸಿದರು, ಮಾನ್ವಿ, ರಾಯಚೂರಿನ ಕಡೆಯ ಕೊನೆಯಂಚಿನವರು ಒಣ ಕಾಲುವೆ ನೋಡುತ್ತ ಕೂತರು. ಸ್ಥಳೀಕರೂ ಭತ್ತ ಕಲಿತದ್ದರಿಂದ ಈ ಲೆಕ್ಕದಲ್ಲಿ ವಲಸೆಗಾರರನ್ನಷ್ಟೇ ದೂರುವಂತಿಲ್ಲ.

ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ಕುಟುಂಬಗಳನ್ನೂ ಸರಕಾರ ಸಿಂಧನೂರಿನ ಬಳಿ ನೆಲೆಗೊಳಿಸಿತು. ಹಣ ತಂದವರ ಕ್ಯಾಂಪುಗಳಿಗೆ ದೇವರ ಹೆಸರು, ನಾಯಕರ ಹೆಸರು. ನಿರಾಶ್ರಿತರ ಕ್ಯಾಂಪುಗಳಿಗೆ ಒಂದು, ಎರಡು, ಮೂರು ಎಂಬ ನಂಬರು! ಇದನ್ನು ಯಾರು ಯೋಚಿಸಿ ಮಾಡಿದರೋ, ಯೋಚಿಸದೆಯೇ ಆಯಿತೋ.

ಅತ್ತೆಗೆ ಕೂಲಿಯ ಜೊತೆಗೆ ತೆಲುಗೂ ಬಂತು. ಕ್ಯಾಂಪಿನ ಮೊಮ್ಮಕ್ಕಳಿಗೆ ಶಾಲೆಯಲ್ಲಿ ಕನ್ನಡ ಬಂತು. ನಮ್ಮ ಹಳೆಯ ಹೊಲವನ್ನು ಅವರೀಗಲೂ 'ಹುಣಸಿಮರದ ಹೊಲ' ಎಂದೇ ಕರೆಯುತ್ತಾರೆ. ನೆಲ ಸಮಮಾಡುವಾಗ ಮರ ಕಡಿಸಿದವರು ಅವರ ತಾತ. ಅದು ಯಾವ ಮೂಲೆಯಲ್ಲಿತ್ತೆಂದು ಅತ್ತೆ ಅವರಿಗೆ ತೋರಿಸಿದ್ದಾಳೆ.